ಬಾರದವರ ಲೆಕ್ಕ

ಹೆಸರು ಬರೆಸಿದವರೆಲ್ಲ ಒಂದೇ ಸಂಜೆ ಏಳು ಗಂಟೆಗೆ ಬಂದು ನಿಂತರೆ ದೇಶದ ಯಾವ ಜಿಮ್ಮೂ ಆ ಸಂಜೆಯನ್ನು ತಾಳಿಕೊಳ್ಳಲಾರದು. ನಾನಿದ್ದ ಶಾಖೆಯಲ್ಲಿ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗದಂತೆ ನಿಲ್ಲಿಸಿದರೆ ನೂರು ಜನ ಹಿಡಿಸುತ್ತಿದ್ದರು. ಕಂಪ್ಯೂಟರಿನಲ್ಲಿ ಚಾಲ್ತಿಯಲ್ಲಿದ್ದ ಸದಸ್ಯತ್ವಗಳು ಸಾವಿರ ದಾಟಿದ್ದವು. ಇದರಲ್ಲೇನೋ ಐಬಿದೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ, ನನಗೂ. ಮದುವೆ ಮನೆಯ ಅಡುಗೆಯವರು ಬರುವ ಜನದ ಅಂದಾಜಿನ ಮೇಲೆ ಅಕ್ಕಿ ಅಳೆಯುತ್ತಾರೆ. ನಾವು ಬಾರದ ಜನದ ಅಂದಾಜಿನ ಮೇಲೆ ಬೆಲೆ ಕಟ್ಟುತ್ತಿದ್ದೆವು. ಆ ಅಂದಾಜಿನಲ್ಲಿ ನಾನು ಜಾಣ. ಈಗ ಬರೆಯಲು ಕೂತಿರುವುದು ಆ ಜಾಣತನದ ಬಗ್ಗೆಯೇ ಹೊರತು ಕಂಪನಿಯ ಮೇಲೆ ದೂರು ಹೇಳುವುದಕ್ಕಲ್ಲ. ಅದರ ಹೆಸರು ಇಲ್ಲಿ ಬೇಕಿಲ್ಲ. ಬೇರೆ ಬೋರ್ಡಿನ ಕೆಳಗೆ ಕೂತಿದ್ದರೂ ನಾನು ಇದನ್ನೇ ಮಾಡುತ್ತಿದ್ದೆ.

ಶುರು ಮಾಡಿದ್ದು ಫ್ಲೋರ್ ಟ್ರೈನರ್ ಆಗಿ. ಹಾಸನದ ಕಡೆಯ ಹುಡುಗ, ಡಿಗ್ರಿ ಅರ್ಧಕ್ಕೆ ನಿಂತಿತ್ತು, ಮೈಕಟ್ಟು ಚೆನ್ನಾಗಿತ್ತು, ಬೆಂಗಳೂರಿಗೆ ಬರಲು ಅಷ್ಟು ಸಾಕಾಯಿತು. ಕಪ್ಪು ಟೀ ಶರ್ಟು, ಬೆನ್ನ ಮೇಲೆ ಬಿಳಿ ಅಕ್ಷರ. ಬೆಳಿಗ್ಗೆ ಐದೂವರೆಗೆ ಶಟರ್ ಎತ್ತಬೇಕು, ಹನ್ನೊಂದಕ್ಕೆ ಬಿಡುವು, ಮತ್ತೆ ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೆ. ನಡುವಿನ ಹೊತ್ತಿನಲ್ಲಿ ಸ್ಟ್ರೆಚಿಂಗ್ ಮ್ಯಾಟಿನ ಮೇಲೆ ನಿದ್ದೆ. ಸಂಬಳವು ಪಿಜಿ ಬಾಡಿಗೆಗೆ, ಮೊಟ್ಟೆಗೆ ಮುಗಿಯುತ್ತಿತ್ತು. ಟ್ರೈನರ್‌ಗಳ ನಿಜವಾದ ಗಳಿಕೆ ಪಿಟಿಯಲ್ಲಿ, ಅಂದರೆ ಒಬ್ಬರಿಗೇ ಪ್ರತ್ಯೇಕವಾಗಿ ಹೇಳಿಕೊಡುವ ಸೆಷನ್ನುಗಳಲ್ಲಿ. ಅದರ ಪಾಲು ಕೈಗೆ ಬರಬೇಕಾದರೆ ಆಸಾಮಿ ಕಣ್ಣಿಗೆ ಬೀಳಬೇಕು. ಹಾಗಾಗಿ ಆ ದಿನಗಳಲ್ಲಿ ಬಾರದವರ ಮೇಲೆ ನನಗೆ ಸಿಟ್ಟಿತ್ತು. ಫೋನ್ ಮಾಡಿ ಗದರುವಷ್ಟು ಸಲಿಗೆಯೂ ಇತ್ತು. "ಏನ್ ಸಾರ್, ಇವತ್ತು ಲೆಗ್ಸ್ ಅಂತ ಗೊತ್ತಾಗಿ ತಪ್ಪಿಸ್ಕೊಂಡ್ರಾ?"

ಸೇಲ್ಸ್ ಮೇಜಿಗೆ ಹೋದದ್ದು ದುಡ್ಡಿಗಾಗಿ. ಅದೇ ಕಟ್ಟಡ, ಅದೇ ಹಾಡು, ಇಪ್ಪತ್ತು ಹೆಜ್ಜೆ ಆಚೆ. ಟೀ ಶರ್ಟಿನ ಜಾಗದಲ್ಲಿ ಇಸ್ತ್ರಿ ಹಾಕಿದ ಅಂಗಿ. ಆದರೆ ಆ ಇಪ್ಪತ್ತು ಹೆಜ್ಜೆಯಲ್ಲಿ ಒಳ್ಳೆಯ ಗಿರಾಕಿ ಯಾರು ಎಂಬ ನನ್ನ ಬುದ್ಧಿ ತಿರುವುಮುರುವಾಯಿತು. ಇದು ನಿಧಾನವಾಗಿ ಆದದ್ದಲ್ಲ. ಮೊದಲ ತಿಂಗಳ ಇನ್ಸೆಂಟಿವ್ ಬರುವಷ್ಟರಲ್ಲಿ ಆಗಿತ್ತು.

ಒಳಗೆ ಬರುವವರನ್ನು ನಾವು ವಾಕ್-ಇನ್ ಎನ್ನುತ್ತಿದ್ದೆವು. ವಾಕ್-ಇನ್ ಬಾಗಿಲಿನಿಂದ ಕುರ್ಚಿಗೆ ಬರುವಷ್ಟರಲ್ಲಿ ನಾನು ಅವರ ವರ್ಷವನ್ನು ಓದಿ ಮುಗಿಸುತ್ತಿದ್ದೆ. ಗುರಿಯನ್ನು ಕಿಲೋದಲ್ಲಿ ಹೇಳುವವರು, ತಾರೀಖಿನಲ್ಲಿ ಹೇಳುವವರು: ಇಬ್ಬರೂ ಬರುವುದಿಲ್ಲ. ತಮ್ಮನ ಮದುವೆಯ ಹೊತ್ತಿಗೆ ಇಳಿಯಬೇಕು ಎಂದ ಆಸಾಮಿಯನ್ನು ಮದುವೆ ಮುಗಿದ ಮೇಲೆ ಕಂಡರೆ ಕೇಳಿ. ಸೌನಾ ಇದೆಯಾ, ಸ್ಟೀಮ್ ಇದೆಯಾ ಎಂದು ವಿಚಾರಿಸುವವರು ಬರುವುದಿಲ್ಲ. ವಿಚಾರಿಸುವುದಕ್ಕೇ ಹೊಸ ಶೂ ಹಾಕಿಕೊಂಡು ಬಂದವರು ಖಂಡಿತ ಬರುವುದಿಲ್ಲ. ಗಾಡಿ ಎಲ್ಲಿ ನಿಲ್ಲಿಸೋದು, ಭಾನುವಾರ ಎಷ್ಟು ಹೊತ್ತಿಗೆ ತೆಗೀತೀರಿ ಎಂದು ಕೇಳುವವರು ಮಾತ್ರ ಬರುತ್ತಾರೆ, ಏಕೆಂದರೆ ಅವರ ತಲೆಯಲ್ಲಿ ಆಗಲೇ ಒಂದು ಸಾಧಾರಣ ಮಂಗಳವಾರ ಸಿದ್ಧವಾಗಿದೆ. ಅಂಥವರ ಜೊತೆ ನಾನು ಬೇಗ ಮಾತು ಮುಗಿಸುತ್ತಿದ್ದೆ. ಚೌಕಾಸಿಗೆ ಹೆಚ್ಚು ಬಗ್ಗುತ್ತಿರಲಿಲ್ಲ. ಉಳಿದವರ ಜೊತೆ ಹೊತ್ತು ಕಳೆಯುತ್ತಿದ್ದೆ, ಟೀ ತರಿಸುತ್ತಿದ್ದೆ, ಅವರ ಕನಸನ್ನು ಅವರಿಗಿಂತ ಚೆನ್ನಾಗಿ ಬಣ್ಣಿಸುತ್ತಿದ್ದೆ.

ಮೇಜಿನ ಪಕ್ಕದಲ್ಲಿ ಒಂದು ಯಂತ್ರ. ಬರಿಗಾಲಲ್ಲಿ ಅದರ ಮೇಲೆ ನಿಂತು ಎರಡು ಹಿಡಿಕೆ ಹಿಡಿದರೆ ಮೈಯಲ್ಲಿ ಅತಿ ಸಣ್ಣ ವಿದ್ಯುತ್ ಹರಿಸಿ, ಅದಕ್ಕೆ ಸಿಕ್ಕ ತಡೆಯ ಮೇಲೆ ಕೊಬ್ಬೆಷ್ಟು, ಸ್ನಾಯುವೆಷ್ಟು, ನೀರೆಷ್ಟು ಎಂದು ಅಂದಾಜು ಮಾಡಿ ಚೀಟಿ ಕೊಡುತ್ತದೆ. ಅದು ಅಂದಾಜು ಮಾತ್ರ; ನೀರು ಕುಡಿದು ನಿಂತರೆ ಒಂದು, ಬಾಯಾರಿ ನಿಂತರೆ ಇನ್ನೊಂದು. ಚೀಟಿಯ ಕೊನೆಯಲ್ಲಿ ದೇಹದ ವಯಸ್ಸು ಎಂದೊಂದು ಸಂಖ್ಯೆ ಇರುತ್ತಿತ್ತು. ಮೂವತ್ತೈದರ ಹೆಂಗಸು ನಲವತ್ತೆಂಟು ಎಂದು ಓದಿಕೊಂಡು ಸುಮ್ಮನಾಗುತ್ತಾಳೆ. ಆಗ ಮಾರುವವನು ಮಾತಾಡಬಾರದು. ಇದನ್ನು ನನಗೆ ಯಾರೂ ಕಲಿಸಲಿಲ್ಲ, ನಾನೇ ಕಂಡುಕೊಂಡೆ, ಮುಂದೆ ಬೇರೆ ಊರುಗಳ ಹುಡುಗರಿಗೆ ಕಲಿಸಿದೆ. ಆ ಮೌನದಲ್ಲಿ ಅವರೇ ಕಾರ್ಡ್ ತೆಗೆಯುತ್ತಾರೆ.

ನಾನು ಸುಳ್ಳು ಹೇಳಿದ್ದು ಕಡಿಮೆ. ಈ ಮಾತನ್ನು ಬಹಳ ವರ್ಷ ನನ್ನ ಸಮರ್ಥನೆಯಾಗಿ ಇಟ್ಟುಕೊಂಡಿದ್ದೆ. ಇವತ್ತೇ ಆಫರ್ ಕೊನೆ ಎಂದದ್ದುಂಟು, ಅದು ನಾಳೆಯೂ ಇರುತ್ತದೆ ಎಂದು ಗೊತ್ತಿದ್ದೂ. ಅದನ್ನು ಊರಿನ ಯಾವ ಬಟ್ಟೆ ಅಂಗಡಿಯವರೂ ಸುಳ್ಳು ಎಂದು ಎಣಿಸುವುದಿಲ್ಲ. ಆದರೆ "ದಿನಾ ಬನ್ನಿ, ಆರು ತಿಂಗಳಲ್ಲಿ ಬೇರೆ ಮನುಷ್ಯ ಆಗ್ತೀರಿ" ಎಂದದ್ದು ಅಕ್ಷರಶಃ ನಿಜ. ಬಂದಿದ್ದರೆ ಆಗುತ್ತಿದ್ದರು. ಬರುವುದಿಲ್ಲ ಎಂದು ಬಲ್ಲವನ ಬಾಯಲ್ಲಿ ಆ ನಿಜಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ನಾನು ಹತ್ತಿರ ಬರಗೊಡಲಿಲ್ಲ.

ನನ್ನ ಈ ಅನುಭವಕ್ಕೆ ಲೆಕ್ಕವೂ ಇದೆ ಎಂದು ಗೊತ್ತಾದದ್ದು ತಡವಾಗಿ. ಸ್ಟೆಫಾನೋ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಹೆಲ್ತ್ ಕ್ಲಬ್ಬುಗಳ 7,752 ಸದಸ್ಯರ ಹಾಜರಿಯನ್ನು ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕೊಡುವವರು ಬರುತ್ತಿದ್ದದ್ದು ಸರಾಸರಿ 4.3 ಸಲ. ಅಂದರೆ ಒಂದು ಭೇಟಿಗೆ 17 ಡಾಲರಿಗಿಂತ ಹೆಚ್ಚು ಬಿತ್ತು. ಹತ್ತು ಭೇಟಿಯ ಪಾಸು ಕೊಂಡಿದ್ದರೆ ಭೇಟಿಗೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ಕೊನೆಯ ಸಲ ಬಂದದ್ದಕ್ಕೂ ಸದಸ್ಯತ್ವ ರದ್ದು ಮಾಡಿದ್ದಕ್ಕೂ ನಡುವೆ ಎರಡು ತಿಂಗಳಿಗೂ ಹೆಚ್ಚು ಅಂತರ. ಅಲ್ಲಿಯ ಕ್ಲಬ್ಬುಗಳಿಗೆ ಸಿಗುವುದು ರದ್ದು ಮಾಡದ ಸೋಮಾರಿತನದ ಹಣ. ನಮ್ಮದು ಹಾಗಲ್ಲ, ಇಲ್ಲಿ ವರ್ಷದ ದುಡ್ಡು ಮೊದಲೇ ಕೈಗೆ ಬರುತ್ತದೆ. ತಿಂಗಳ ಶುಲ್ಕವನ್ನು ಬೇಕೆಂದೇ ಎತ್ತರದಲ್ಲಿ ಇಡುತ್ತೇವೆ, ಅದರ ಪಕ್ಕದಲ್ಲಿ ವಾರ್ಷಿಕ ಶುಲ್ಕ ಅಗ್ಗವಾಗಿ ಕಾಣಲೆಂದು. ತಿಂಗಳ ಪ್ಲಾನ್ ಮಾರಿದರೆ ನನಗೆ ಇನ್ಸೆಂಟಿವ್ ಇರಲಿಲ್ಲ. ಮೂರು ತಿಂಗಳದಕ್ಕೆ ಅಲ್ಪಸ್ವಲ್ಪ. ವರ್ಷದ್ದಕ್ಕೆ ಚೆನ್ನಾಗಿತ್ತು. ಎರಡು ವರ್ಷದ್ದಕ್ಕೆ ಮ್ಯಾನೇಜರ್ ಗ್ರೂಪಿನಲ್ಲಿ ಚಪ್ಪಾಳೆಯ ಚಿತ್ರ ಹಾಕುತ್ತಿದ್ದರು.

ಮುಂಗಡ ಹಣದ ಈ ಸ್ವಭಾವ ತಿಳಿಯದೆ ಇಂಥ ಜಿಮ್ ಸರಣಿಗಳು ಬೆಳೆಯುವ ರೀತಿ ಅರ್ಥವಾಗುವುದಿಲ್ಲ. ಸದಸ್ಯ ಕೊಟ್ಟ ಹಣ ಕೊಟ್ಟ ದಿನವೇ ಕಂಪನಿಯದಾಗುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಅದು ಸಾಲವಿದ್ದ ಹಾಗೆ. ಹನ್ನೆರಡು ತಿಂಗಳು ಸೇವೆ ಕೊಟ್ಟಂತೆ ಸ್ವಲ್ಪ ಸ್ವಲ್ಪವೇ ಆದಾಯವಾಗಬೇಕು. ಬ್ಯಾಂಕಿನ ಖಾತೆಗೆ ಮಾತ್ರ ಅದು ಪೂರ್ತಿ ಬಂದು ಕೂತಿರುತ್ತದೆ. ಎದುರಿಗೆ ಖಾಲಿ ಮಹಡಿಯೊಂದು ಬಾಡಿಗೆಗಿದೆ, ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಬೆಂಗಳೂರಿನ ಮಾಲೀಕರಿದ್ದಾರೆ. ಜಯನಗರದವರು ಈಜಲು, ಓಡಲು, ಬೆವರಲು ಕೊಟ್ಟ ದುಡ್ಡು ರಾಜಾಜಿನಗರದ ಕಟ್ಟಡದ ಅಡ್ವಾನ್ಸ್ ಆಗುತ್ತದೆ. ರಾಜಾಜಿನಗರದ ಪ್ರಿ-ಸೇಲ್‌ನಲ್ಲಿ, ಅಂದರೆ ಬಾಗಿಲು ತೆರೆಯುವ ಮೊದಲೇ ಮಾರಿದ್ದರಲ್ಲಿ, ಬಂದದ್ದು ಜಯನಗರದ ಕರೆಂಟ್ ಬಿಲ್ ಕಟ್ಟುತ್ತದೆ. ಹೊಸ ಶಾಖೆ ತೆರೆಯುತ್ತಲೇ ಇರುವವರೆಗೆ ಯಾವ ಶಾಖೆ ನಷ್ಟದಲ್ಲಿದೆ ಎಂದು ಯಾರಿಗೂ ಕಾಣುವುದಿಲ್ಲ. ಹೊರಗಿನವರು ಇದನ್ನು ವಿಸ್ತರಣೆ ಎಂದು ಮೆಚ್ಚುತ್ತಾರೆ. ಒಳಗಿನ ಅಕೌಂಟೆಂಟ್ ತಿಂಗಳ ಇಪ್ಪತ್ತೈದರ ನಂತರ ಊಟ ಸರಿಯಾಗಿ ಮಾಡುವುದಿಲ್ಲ.

ಹೀಗೆ ಓಡಿ ಮುಗ್ಗರಿಸಿದ ದೊಡ್ಡವರ ಚರಿತ್ರೆಯೇ ಇದೆ. ಅಮೆರಿಕದ ಬ್ಯಾಲಿ ಟೋಟಲ್ ಫಿಟ್ನೆಸ್ ಒಂದು ಕಾಲಕ್ಕೆ ಆ ದೇಶದ ಅತಿ ದೊಡ್ಡ ಸರಣಿಗಳಲ್ಲಿ ಒಂದು. ಸದಸ್ಯತ್ವದ ಹಣವನ್ನು ಸಲ್ಲಬೇಕಾದ ಕಾಲಕ್ಕಿಂತ ಮೊದಲೇ ಆದಾಯವೆಂದು ಬರೆದುಕೊಂಡಿತೆಂದು 2008ರಲ್ಲಿ ಅಲ್ಲಿಯ ಷೇರು ನಿಯಂತ್ರಕರು ಅದರ ಮೇಲೆ ವಂಚನೆಯ ಆರೋಪ ಹೊರಿಸಿದರು. 2007 ಮತ್ತು 2008, ಸಾಲುಸಾಲಾಗಿ ಎರಡು ಸಲ ಅದು ದಿವಾಳಿ ನ್ಯಾಯಾಲಯಕ್ಕೆ ಹೋಯಿತು. ನಮ್ಮಲ್ಲಿ ತಲ್ವಾಲ್ಕರ್ಸ್. 1932ರಲ್ಲಿ ಮುಂಬೈಯಲ್ಲಿ ಹುಟ್ಟಿದ ಹೆಸರು, ಒಂದು ಮನೆತನದ ಕಸುಬು. 2010ರಲ್ಲಿ ಷೇರುಪೇಟೆಗೆ ಬಂತು. ಆ ಮೇಲೆ ಊರಿಂದೂರಿಗೆ ಶಾಖೆ, ಫ್ರಾಂಚೈಸಿಗಾಗಿ ಹೈಫೈ ಎಂಬ ಅಗ್ಗದ ಬ್ರ್ಯಾಂಡು, ಶ್ರೀಲಂಕಾದಲ್ಲಿ ಖರೀದಿ. ಏಳೆಂಟು ದಶಕ ಒಂದು ಮನೆತನ ಮೆಲ್ಲಗೆ ನಡೆದ ದಾರಿಯನ್ನು ಎಂಟೊಂಬತ್ತು ವರ್ಷದಲ್ಲಿ ಓಡಿ, 2019ರಲ್ಲಿ ಬಡ್ಡಿ ಕಟ್ಟಲಾಗದೆ ನಿಂತಿತು. ಷೇರುಪೇಟೆಯವರಿಗೆ ಅಚ್ಚರಿಯಾಯಿತು. ಸೇಲ್ಸ್ ಮೇಜಿನಲ್ಲಿ ಕೂತ ನಮಗೆ ಆಗಲಿಲ್ಲ. ಅವತ್ತು ಆ ಸುದ್ದಿಯನ್ನು ಫೋನಿನಲ್ಲಿ ಓದಿದ ನಾನು ಮೊದಲು ಯೋಚಿಸಿದ್ದು ಅಲ್ಲಿ ಕೆಲಸ ಮಾಡುತ್ತಿದ್ದವರ ಬಗ್ಗೆಯಲ್ಲ, ಮುಂಗಡ ಕಟ್ಟಿದ ಸದಸ್ಯರ ಬಗ್ಗೆಯೂ ಅಲ್ಲ. ಅವರ ಮೆಂಬರ್ ಪಟ್ಟಿ ಎಲ್ಲಿ ಸಿಗಬಹುದು ಎಂದು ಯೋಚಿಸಿದೆ.

ಅಷ್ಟರಲ್ಲಿ ಬೆಂಗಳೂರಿನ ಮಟ್ಟಿಗೆ ಆಟವೇ ಬದಲಾಗಿತ್ತು. ಮಿಂತ್ರಾ ಕಟ್ಟಿದ ಮುಕೇಶ್ ಬನ್ಸಾಲ್, ಫ್ಲಿಪ್‌ಕಾರ್ಟ್‌ನಲ್ಲಿದ್ದ ಅಂಕಿತ್ ನಾಗೋರಿ ಸೇರಿ 2016ರಲ್ಲಿ ಇಲ್ಲೇ ಕ್ಯೂರ್‌ಫಿಟ್ ಶುರು ಮಾಡಿದ್ದರು. ಸಾಲುಸಾಲು ಯಂತ್ರಗಳ ಬದಲು ಗುಂಪು ತರಗತಿ, ರಿಜಿಸ್ಟರಿನ ಬದಲು ಆ್ಯಪ್. ನಮ್ಮ ದುಡ್ಡು ಸದಸ್ಯರಿಂದ ಬರುತ್ತಿತ್ತು, ಅವರದು ಹೂಡಿಕೆದಾರರಿಂದಲೂ. ಹಾಗಾಗಿ ಅವರು ನಮಗಿಂತ ವೇಗವಾಗಿ ನಷ್ಟ ಮಾಡಬಲ್ಲವರಾಗಿದ್ದರು. 2021ರಲ್ಲಿ ಟಾಟಾ ಡಿಜಿಟಲ್ ಅದರಲ್ಲಿ 7.5 ಕೋಟಿ ಡಾಲರ್‌ವರೆಗೆ ಹೂಡಲು ಒಪ್ಪಿತು, ಮರುವರ್ಷ ಗೋಲ್ಡ್ಸ್ ಜಿಮ್ಮಿನ ಭಾರತದ ವ್ಯವಹಾರವೂ ಅದರ ತೆಕ್ಕೆಗೆ ಬಿತ್ತು. ನಮ್ಮ ಮೀಟಿಂಗುಗಳಲ್ಲಿ ಅವರ ಹೆಸರೆತ್ತಿದಾಗಲೆಲ್ಲ ಟಾರ್ಗೆಟ್ ಏರುತ್ತಿತ್ತು.

ಹಾಗೆ ಒಂದು ಸಲ ಟಾರ್ಗೆಟ್ ಏರಿದಾಗ ನನ್ನನ್ನು ಹುಬ್ಬಳ್ಳಿಗೆ ಕಳಿಸಿದರು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಕಸುಬಿನ ಶುದ್ಧ ರೂಪವನ್ನು ನಾನು ಕಂಡದ್ದು ಅಲ್ಲಿ. ಜಿಮ್ ಇರಲಿಲ್ಲ. ಗೋಕುಲ ರೋಡಿನ ಆಚೆಗೆ ಗಾರೆ ಒಣಗದ ಕಟ್ಟಡ, ಮೊದಲ ಮಹಡಿಯಲ್ಲಿ ಸಿಮೆಂಟ್ ಚೀಲಗಳು. ಕೆಳಗೆ ಒಂದು ಶಾಮಿಯಾನ, ಎರಡು ಕುರ್ಚಿ, ಕಾರ್ಡ್ ಉಜ್ಜುವ ಯಂತ್ರ, ಒಳಾಂಗಣ ಹೀಗಿರಲಿದೆ ಎಂದು ಕಂಪ್ಯೂಟರಿನಲ್ಲಿ ಬರೆದ ಚಿತ್ರದ ದೊಡ್ಡ ಬ್ಯಾನರು. ಚಿತ್ರದ ಕಿಟಕಿಯಾಚೆ ಸಮುದ್ರ ಕಾಣುತ್ತಿತ್ತು! ಯಾವ ಊರಿನ ಜಿಮ್ಮಿಗೆ ಬರೆಸಿದ ಚಿತ್ರವೋ. ಮೊದಲ ಐನೂರು ಜನಕ್ಕೆ ಫೌಂಡರ್ ಮೆಂಬರ್ ಎಂಬ ಬಿರುದು, ಅರ್ಧ ಬೆಲೆ.

"ಜಿಮ್ ಎಲ್ಲೈತ್ರೀ?" ಎನ್ನುತ್ತಿದ್ದರು ಬಂದವರೆಲ್ಲ.

"ಇಲ್ಲೇ ಬರ್ತದ್ರೀ ಸರ್, ಮೇಲೆ," ಎಂದು ನಾನು ಮೂರೇ ದಿನದಲ್ಲಿ ಕಲಿತ ಹುಬ್ಬಳ್ಳಿ ಧಾಟಿಯಲ್ಲಿ ಚಾವಣಿ ತೋರಿಸುತ್ತಿದ್ದೆ.

ಜನ ದುಡ್ಡು ಕೊಟ್ಟರು. ವ್ಯಾಪಾರಿಗಳು, ಕೆಎಲ್‌ಇ ಕಾಲೇಜಿನ ಹುಡುಗರು, ರೈಲ್ವೆಯವರು. ಇಲ್ಲದ ಜಿಮ್ಮನ್ನು ಬಾರದ ಸದಸ್ಯರಿಗೆ ಮಾರುವುದರಲ್ಲಿ ಒಂದು ಪರಿಪೂರ್ಣತೆಯಿತ್ತು; ಎರಡೂ ಕಡೆ ಕಲ್ಪನೆಯೇ. ಒಂದು ಸಂಜೆ ವಯಸ್ಸಾದ ಪೈಲ್ವಾನರೊಬ್ಬರು ಮೊಮ್ಮಗನನ್ನು ಕರೆದುಕೊಂಡು ಬಂದರು. ಕಿವಿ ಮುದುಡಿ ಗಂಟಾಗಿತ್ತು, ಕುಸ್ತಿಯವರ ಕಿವಿ. ಬ್ಯಾನರನ್ನು ಬಹಳ ಹೊತ್ತು ನೋಡಿ, ಬೆಲೆ ಕೇಳದೆ, "ಉಸ್ತಾದ ಯಾರದಾರಪಾ?" ಎಂದರು. ನಾನು ಕಂಪನಿಯ ಹೆಸರು ಹೇಳಿದೆ. ಅವರು ಮತ್ತೆ ಕೇಳಿದರು: ಹುಡುಗಗ ಹೇಳಿಕೊಡೋ ಮನಶಾ ಯಾರು? ಟ್ರೈನರ್‌ಗಳ ನೇಮಕ ಆಗಿರಲಿಲ್ಲ. ಕಟ್ಟಡ ಮುಗಿಯುವ ವಾರ ನೇಮಿಸುವುದು, ಆರು ತಿಂಗಳಿಗೆ ಅರ್ಧ ಜನ ಬಿಟ್ಟು ಹೋಗುವುದು, ಅದು ನಮ್ಮ ಪದ್ಧತಿ. ಸರ್ಟಿಫೈಡ್ ಟ್ರೈನರ್ಸ್ ಬರ್ತಾರೆ ಎಂದೆ. ಮೊಮ್ಮಗ ಹಟ ಮಾಡಿದ, ಅಜ್ಜ ಹಣ ಕಟ್ಟಿದರು. ಆ ಹುಡುಗ ಪಾರ್ಕಿಂಗ್ ಎಲ್ಲಿ ಎಂದು ಕೇಳಿದ್ದ. ದಿನವೂ ಬರುವವನು ಎಂದು ನನಗೆ ಗೊತ್ತಾಗಿತ್ತು. ಅವನಿಗೆ ಎರಡು ವರ್ಷದ ಪ್ಲಾನ್ ಹೇಳಲಿಲ್ಲ. ಅದನ್ನು ಆಗ ನನ್ನ ಸಜ್ಜನಿಕೆ ಎಂದುಕೊಂಡಿದ್ದೆ. ಈಗ ನೋಡಿದರೆ ದಿನಾ ಬರುವವನಿಗೆ ಎರಡು ವರ್ಷ ಅಗ್ಗದಲ್ಲಿ ಕೊಡಬಾರದೆಂಬ ವ್ಯಾಪಾರದ ಎಚ್ಚರವೇ ಅದಾಗಿತ್ತು. ಇವೆರಡೂ ನನ್ನಲ್ಲಿ ಅದಾಗಲೇ ಒಂದೇ ಆಗಿದ್ದವು.

ಹುಬ್ಬಳ್ಳಿಯನ್ನು ಬರೀ ಹೀಗೆ ಹೇಳಿ ಮುಗಿಸಿದರೆ ಅನ್ಯಾಯವಾದೀತು. ಕಟ್ಟಡ ಎದ್ದು ನಿಂತ ಮೇಲೆ ಬೆಳಿಗ್ಗೆ ಹತ್ತರಿಂದ ಹನ್ನೆರಡು ಹೆಂಗಸರ ಬ್ಯಾಚ್ ಇಟ್ಟೆವು. ನಲವತ್ತು ದಾಟಿದ ಗೃಹಿಣಿಯರು ಸೀರೆಯಲ್ಲಿ ಬಂದು, ಒಳಗೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, ಮತ್ತೆ ಸೀರೆಯಲ್ಲಿ ಮನೆಗೆ ಹೋಗುತ್ತಿದ್ದರು. ತಮ್ಮ ಇಡೀ ಜೀವಮಾನದಲ್ಲಿ ಯಾರೂ ತಮಗೆ ಭಾರ ಎತ್ತಿ ಎಂದು ಹೇಳಿರಲಿಲ್ಲ, ಎತ್ತಬೇಡ ಎಂದೇ ಹೇಳಿದ್ದರು ಎಂದು ಒಬ್ಬರು ನಕ್ಕರು. ಪೈಲ್ವಾನರ ಗರಡಿ ಮನೆಯ ಕೆಂಪು ಮಣ್ಣಿನ ಬಗ್ಗೆ ಕಣ್ಣು ತೇವ ಮಾಡಿಕೊಂಡು ಬರೆಯುವವರು ಇದನ್ನೂ ನೆನಪಿಡಬೇಕು: ಆ ಹೊಸ್ತಿಲು ಹೆಂಗಸರಿಗೆ ತೆರೆದದ್ದಲ್ಲ. ದುಡ್ಡು ಕೊಟ್ಟ ಯಾರನ್ನಾದರೂ ಒಳಗೆ ಬಿಡುವ ನಮ್ಮ ನಿರ್ಲಜ್ಜ ವ್ಯಾಪಾರವೇ ಅವರಿಗೆ ಬಾಗಿಲಾಯಿತು. ಆ ಬ್ಯಾಚಿನ ಹಾಜರಾತಿ ನಮ್ಮ ಅಂದಾಜನ್ನು ಮೀರಿತ್ತು. ನಾನು ಮುಖ ಓದುವುದರಲ್ಲಿ ಪೂರ್ತಿ ಸೋತದ್ದು ಅವರ ಮುಂದೆ. ಖುಷಿಪಡಬೇಕಿತ್ತು. ಮುಂದಿನ ಪ್ರಿ-ಸೇಲ್‌ನಲ್ಲಿ ಲೇಡೀಸ್ ಪ್ಲಾನಿನ ರಿಯಾಯಿತಿ ಕಡಿಮೆ ಮಾಡಿ ಎಂದು ಮೇಲಿನವರಿಗೆ ಮೇಲ್ ಬರೆದೆ.

ದಿನಾ ಬರುವವರ ಬಗ್ಗೆ ನನಗಿದ್ದ ಭಾವನೆಯನ್ನು ಯಾರಿಗೂ ಹೇಳಿರಲಿಲ್ಲ. ಬೆಂಗಳೂರಿನ ಶಾಖೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದರು. ಶಟರ್ ಎತ್ತುವ ಮೊದಲೇ ಬಂದು ನಿಂತಿರುತ್ತಿದ್ದರು. ಎಸಿ ಸಾಲದು, ಟವೆಲ್ ವಾಸನೆ, ಮೂರನೆಯ ಸೈಕಲ್ಲಿನ ಪೆಡಲ್ ಸಡಿಲ. ಎಲ್ಲವೂ ನಿಜ. ವಾರ್ಷಿಕ ಶುಲ್ಕವನ್ನು ಅವರ ಹಾಜರಿಯಿಂದ ಭಾಗಿಸಿದರೆ ಒಂದು ಕಾಫಿಯ ಬೆಲೆಗೆ ಎರಡು ಗಂಟೆ ಜಿಮ್ ಬಳಸುತ್ತಿದ್ದರು. ಸಕ್ಕರೆ ಕಾಯಿಲೆ ಹತೋಟಿಗೆ ಬಂದಿತ್ತು, ಮಾತ್ರೆ ಕಡಿಮೆಯಾಗಿತ್ತು, ಅದನ್ನು ಸಂಭ್ರಮದಿಂದ ನನಗೆ ಬಂದು ಹೇಳಿದ್ದರು. ನಮ್ಮ ಬ್ಯಾನರಿನಲ್ಲಿದ್ದ ಭರವಸೆಯೆಲ್ಲ ನಿಜವಾಗಿದ್ದದ್ದು ಅಂಥ ಕೆಲವರಲ್ಲಿ ಮಾತ್ರ. ನಾವು ಆಫೀಸಿನಲ್ಲಿ ಅವರಿಗೆ ಅಡ್ಡಹೆಸರಿಟ್ಟು ನಗುತ್ತಿದ್ದೆವು. ಫೋನ್ ಎತ್ತದ, ಮುಖ ಮರೆತುಹೋದ ಸಾವಿರ ಜನರ ಬಗ್ಗೆ ನಮಗೆ ಗೌರವವಿತ್ತು, ಅವರನ್ನು ಸರ್, ಮೇಡಂ ಎನ್ನುತ್ತಿದ್ದೆವು. ಟ್ರೈನರ್ ಆಗಿದ್ದಾಗ ನಾನೇ ದಿನಾ ಬರುವವರ ಬೆನ್ನು ತಟ್ಟುತ್ತಿದ್ದೆ. ಆ ಹುಡುಗ ಎಲ್ಲಿ ಹೋದ ಎಂದು ನಾಟಕೀಯವಾಗಿ ಕೇಳಿಕೊಳ್ಳಲಾರೆ. ಅವನು ಎಲ್ಲಿಗೂ ಹೋಗಿರಲಿಲ್ಲ. ಆಗ ಅವನ ಕಮಿಷನ್ ಬರುವವರಲ್ಲಿತ್ತು, ಈಗ ಬಾರದವರಲ್ಲಿ.

2020ರ ಮಾರ್ಚಿನಲ್ಲಿ ಕೋವಿಡ್ ಬಂದು ಎಲ್ಲ ಬಾಗಿಲುಗಳೂ ಮುಚ್ಚಿದವು. ಕೇಂದ್ರ ಸರ್ಕಾರ ಜಿಮ್ ತೆರೆಯಲು ಬಿಟ್ಟದ್ದು ಆಗಸ್ಟಿನಲ್ಲಿ. ಆ ತಿಂಗಳುಗಳಲ್ಲಿ ವಿಚಿತ್ರವೊಂದು ನಡೆಯಿತು: ವರ್ಷಗಟ್ಟಲೆ ಕಾಣದವರೆಲ್ಲ ಫೋನ್ ಮಾಡಿ ತಮ್ಮ ದಿನಗಳನ್ನು ಕೇಳತೊಡಗಿದರು. ನಾವು ಮಾರಿದ್ದ ಪ್ರತಿಯೊಂದು ದಿನವೂ ಸಾಲವೇ ಆಗಿತ್ತೆಂದು ಅವತ್ತು ಎಲ್ಲರಿಗೂ ಕಂಡಿತು. ಎಕ್ಸ್‌ಟೆನ್ಷನ್ ಕೊಟ್ಟೆವು, ಕೊಡುವುದಕ್ಕೆ ಬೇರೇನೂ ಇರಲಿಲ್ಲ. ಎರಡು ಶಾಖೆಗಳ ಶಟರ್ ಮತ್ತೆ ಏಳಲೇ ಇಲ್ಲ.

ಈಗ ಹೇಳಲು ಕಷ್ಟವಾದ ಭಾಗ. ಸದಸ್ಯತ್ವದ ಅರ್ಜಿಯ ಎರಡನೆಯ ಪುಟದಲ್ಲಿ ಒಂದು ಪ್ರಶ್ನಾವಳಿ ಇರುತ್ತದೆ. ಕೆನಡಾದಲ್ಲಿ ಹುಟ್ಟಿದ್ದು, ಜಗತ್ತಿನ ಅನೇಕ ಜಿಮ್ಮುಗಳು ಬಳಸುತ್ತವೆ. ಅದರ ಹಳೆಯ ರೂಪದಲ್ಲಿ ಏಳು ಪ್ರಶ್ನೆ. ನಿಮಗೆ ಹೃದಯದ ತೊಂದರೆ ಇದೆಯೆಂದು ವೈದ್ಯರು ಎಂದಾದರೂ ಹೇಳಿದ್ದಾರೆಯೇ? ಶ್ರಮಪಟ್ಟಾಗ ಎದೆ ನೋಯುತ್ತದೆಯೇ? ತಲೆ ಸುತ್ತಿ ಬಿದ್ದದ್ದುಂಟೇ? ಒಂದಕ್ಕೆ ಹೌದು ಎಂದರೂ ವೈದ್ಯರನ್ನು ಕಂಡು ಬರಲು ಕಳಿಸಬೇಕು. ಎದ್ದು ಹೋದ ವಾಕ್-ಇನ್ ಮರಳಿ ಬರುವುದಿಲ್ಲ. ಹಾಗಾಗಿ ನಾನು ಏಳು ಕಡೆಯೂ ಇಲ್ಲ ಎಂಬುದಕ್ಕೆ ಮೊದಲೇ ಗುರುತು ಹಾಕಿ, ಪುಟದ ಕೆಳಗೆ ಸಹಿ ಮಾಡುವ ಜಾಗಕ್ಕೆ ಪೆನ್ನಿನಿಂದ ಒಂದು ಗುಣಿಸು ಚಿಹ್ನೆ ಹಾಕಿ, ಕಾಗದ ತಿರುಗಿಸಿ ಕೊಡುತ್ತಿದ್ದೆ. ಎಲ್ಲರೂ ಮಾಡುತ್ತಿದ್ದರು ಎಂದು ಸೇರಿಸಬಹುದು. ಸೇರಿಸುವುದರಿಂದ ನನ್ನ ಕೈ ಬೇರೆಯದಾಗುವುದಿಲ್ಲ.

2021ರ ಅಕ್ಟೋಬರ್ 29, ಶುಕ್ರವಾರ, ನಟ ಪುನೀತ್ ರಾಜ್‌ಕುಮಾರ್, ಜನರ ಅಪ್ಪು, ತೀರಿಕೊಂಡರು. ನಲವತ್ತಾರು ವರ್ಷ. ಅವತ್ತು ಬೆಳಿಗ್ಗೆ ವ್ಯಾಯಾಮ ಮಾಡಿದ್ದರು ಎಂಬ ಮಾತು ಸುದ್ದಿಯ ಜೊತೆಗೇ ಊರು ತುಂಬಿತು. ಸಾವಿಗೂ ವ್ಯಾಯಾಮಕ್ಕೂ ಇದ್ದ ನಂಟಿನ ಬಗ್ಗೆ ತೀರ್ಪು ಕೊಡಲು ನಾನು ಯಾರೂ ಅಲ್ಲ. ಆದರೆ ಮುಂದಿನ ವಾರಗಳಲ್ಲಿ ಜಯದೇವ ಆಸ್ಪತ್ರೆಯ ಮುಂದೆ ಎದೆ ತೋರಿಸಿಕೊಳ್ಳಲು ಜನ ಸರತಿ ನಿಂತರು. ನಮ್ಮ ಮೇಜಿನ ಮುಂದೆ ಹಣ ವಾಪಸ್ ಕೇಳಲು ನಿಂತರು. ಮೇಲಿನಿಂದ ಮೆಸೇಜ್ ಬಂತು: ಆ ವಿಷಯ ನೀವಾಗಿ ಎತ್ತಬೇಡಿ, ಅವರು ಎತ್ತಿದರೆ ನಮ್ಮ ಟ್ರೈನರ್‌ಗಳ ತರಬೇತಿಯ ಬಗ್ಗೆ ಮಾತಾಡಿ.

ನಾನು ಬೇರೆಯದೇ ಮಾಡಿದೆ. ಧೈರ್ಯದಿಂದಲ್ಲ, ಅಪ್ಪುವಿನ ಸಿನಿಮಾ ನೋಡಿ ಬೆಳೆದ ಹುಡುಗನ ಹೆದರಿಕೆಯಿಂದ. ಮೊದಲ ಸಲ ಆ ಏಳು ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿದೆ, ಕನ್ನಡದಲ್ಲಿ, ಒಂದೊಂದಾಗಿ. ಜನ ಹೇಳತೊಡಗಿದರು. ಮೆಟ್ಟಿಲು ಹತ್ತಿದರೆ ಇಲ್ಲಿ ಹಿಡಿದ ಹಾಗಾಗುತ್ತೆ. ಅಪ್ಪ ಐವತ್ತಕ್ಕೆ ಹೋದರು, ಅಣ್ಣನಿಗೆ ಸ್ಟೆಂಟ್ ಆಗಿದೆ. ಬಿಪಿ ಮಾತ್ರೆ ಬಿಟ್ಟು ಎರಡು ವರ್ಷ ಆಯ್ತು, ಮನೇಲಿ ಹೇಳಿಲ್ಲ. ಇಷ್ಟು ವರ್ಷ ಅದೇ ಕುರ್ಚಿಯಲ್ಲಿ ಕೂತು ಮುಖ ಓದುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದುಕೊಂಡಿದ್ದೆ. ನಾನು ಓದುತ್ತಿದ್ದದ್ದು ಅವರು ಬರುತ್ತಾರೋ ಇಲ್ಲವೋ ಎಂಬುದೊಂದನ್ನೇ. ಅವರ ಎದೆಯೊಳಗೆ ಏನಿದೆ ಎಂದು ಕೇಳಿದರೆ ಅವರು ಎಷ್ಟು ಸಲೀಸಾಗಿ ಹೇಳುತ್ತಾರೆ! ಕೇಳಿದ್ದರೆ ಮೊದಲೂ ಹೇಳುತ್ತಿದ್ದರು. ಹಲವರನ್ನು ಡಾಕ್ಟರ ಬಳಿಗೆ ಕಳಿಸಿದೆ. ಕೆಲವರು ಚೀಟಿ ತಂದು ಸೇರಿಕೊಂಡರು. ಆ ವಾರಗಳಲ್ಲಿ ನಾನು ಒಳ್ಳೆಯವನಾಗಿದ್ದೆ ಎಂದು ಹೇಳಬಹುದಿತ್ತು, ಅದು ಉಳಿದಿದ್ದರೆ.

ಉಳಿಯಲಿಲ್ಲ. ಡಿಸೆಂಬರಿನ ಕೊನೆಗೆ ಹೊಸ ವರ್ಷದ ಆಫರ್ ಬಂತು. ಜನವರಿ ನಮ್ಮ ಸುಗ್ಗಿ. ಮೇಜಿನ ಮುಂದೆ ಸಾಲು ಬೆಳೆದಾಗ ಮೊದಲು ಪ್ರಶ್ನೆಗಳನ್ನು ವೇಗವಾಗಿ ಓದಿದೆ, ಆಮೇಲೆ "ಏನೂ ತೊಂದರೆ ಇಲ್ಲ ತಾನೆ?" ಎಂಬ ಒಂದೇ ಪ್ರಶ್ನೆ ಮಾಡಿದೆ, ಕೊನೆಗೆ ಪೆನ್ನು ತಾನಾಗಿಯೇ ಏಳು ಗೆರೆ ಎಳೆಯಿತು. ಯಾರೂ ಹೇಳಿರಲಿಲ್ಲ. ಹೆದರಿಕೆ ಕಳೆದಿತ್ತು, ಅಷ್ಟೇ. ನನ್ನ ಆತ್ಮಸಾಕ್ಷಿ ಎಂದು ನಾನು ಭಾವಿಸಿದ್ದಕ್ಕೆ ಎರಡು ತಿಂಗಳ ವ್ಯಾಲಿಡಿಟಿ ಇತ್ತು.

ಆ ಹೊತ್ತಿನಲ್ಲಿ ಕೆ.ವಿ. ಅಯ್ಯರ್ ಬಗ್ಗೆ ಒಂದು ಲೇಖನ ಓದಿದೆ. 'ಶಾಂತಲಾ' ಕಾದಂಬರಿ ಬರೆದವರು ಎಂದಷ್ಟೇ ಗೊತ್ತಿತ್ತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು, ನಾಟಕಕಾರ ಕೈಲಾಸಂ ಅವರ ಆಪ್ತರು, ಅಂಚೆಯ ಮೂಲಕ ದೇಹದಾರ್ಢ್ಯದ ಪಾಠ ಕಳಿಸುತ್ತಿದ್ದವರು ಎಂಬುದು ಗೊತ್ತಿರಲಿಲ್ಲ. ಶಾಖೆಯಿಲ್ಲದೆ, ಬಾಡಿಗೆಯಿಲ್ಲದೆ ಬೆಂಗಳೂರಿನಿಂದ ದೂರದ ಊರುಗಳಿಗೆ ಹರಡಿದ ಜಿಮ್ ಅ‌ದು. ನನ್ನ ತಲೆ ತಕ್ಷಣ ಓಡಿದ ದಿಕ್ಕು ನೋಡಿ: ಪಾಠ ತರಿಸಿಕೊಂಡವರಲ್ಲಿ ಎಷ್ಟು ಜನ ಚಾರ್ಟನ್ನು ಗೋಡೆಗೆ ಹೊಡೆದು ಮರೆತಿರಬಹುದು, ಮಾರ್ಜಿನ್ ಎಷ್ಟಿರಬಹುದು. ಅವರ ಪುಸ್ತಕಗಳಲ್ಲಿ ಅವರದೇ ಮೈಯ ಫೋಟೋಗಳಿವೆ. ಮಾರುವವನ ಮೈಯೇ ಮಾಲಿಗೆ ಜಾಮೀನು. ನಮ್ಮ ಬ್ಯಾನರಿನಲ್ಲಿದ್ದವನು ಯಾವ ದೇಶದ ಮಾಡೆಲ್ಲೋ; ಇಸ್ತ್ರಿ ಅಂಗಿಯ ಕೆಳಗೆ ನನಗೆ ಅಷ್ಟರಲ್ಲಿ ಹೊಟ್ಟೆ ಬಂದಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಸಿಬ್ಬಂದಿಗೆ ಪುಕ್ಕಟೆ ಜಿಮ್ ಇತ್ತು. ನಾನೂ ಬಾರದವರಲ್ಲಿ ಒಬ್ಬ.

ಕೆಲಸ ಬಿಟ್ಟೆ. ತತ್ವಕ್ಕಾಗಿ ಅಲ್ಲ, ಸ್ವಂತ ದುಡಿಮೆಯಲ್ಲಿ ಹೆಚ್ಚು ಬರುತ್ತದೆ ಎಂದು. ಈಗ ಒಂದೋ ಎರಡೋ ಜಿಮ್ ಇಟ್ಟುಕೊಂಡು ಸರಣಿಯಾಗಬೇಕೆಂದಿರುವ ಜಿಲ್ಲಾ ಕೇಂದ್ರಗಳ ಮಾಲೀಕರಿಗೆ ಸಲಹೆ ಕೊಡುತ್ತೇನೆ. 2025ರ ಸೆಪ್ಟೆಂಬರಿನಲ್ಲಿ ಜಿಮ್ಮುಗಳ ಮೇಲಿನ ಜಿಎಸ್‌ಟಿ ಶೇಕಡ 18ರಿಂದ 5ಕ್ಕೆ ಇಳಿದ ಮೇಲೆ ಕರೆಗಳು ಹೆಚ್ಚಾಗಿವೆ. ಇಳಿದ ತೆರಿಗೆಯನ್ನು ಎರಡನೆಯ ಶಾಖೆಯ ರಿಯಾಯಿತಿಯಾಗಿ ತೋರಿಸುವುದು ಹೇಗೆ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ನನ್ನ ತರಬೇತಿಯಲ್ಲಿ ಆ ಏಳು ಪ್ರಶ್ನೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಗಟ್ಟಿಯಾಗಿ ಓದಬೇಕೆಂದು ಹೇಳಿಕೊಡುತ್ತೇನೆ. ಹುಡುಗರು ತಲೆ ಆಡಿಸುತ್ತಾರೆ. ಜನವರಿಯಲ್ಲಿ ಏನು ಮಾಡುತ್ತಾರೆಂದು ನನಗೆ ಗೊತ್ತು.

ಇತ್ತೀಚೆಗೆ ಶಿವಮೊಗ್ಗದ ಮಾಲೀಕನೊಬ್ಬ ಸಿಕ್ಕಿದ. ತಾನೇ ಟ್ರೈನರ್, ತಾನೇ ಗುಡಿಸುವವನು, ಎಲ್ಲರೂ ತಿಂಗಳ ಫೀಸಿನವರು, ಎಲ್ಲರ ಹೆಸರೂ ಬಾಯಲ್ಲಿ. ತಿಂಗಳ ಫೀಸು ಏರಿಸು, ವರ್ಷದ ಪ್ಲಾನ್ ತಾ, ಆ ದುಡ್ಡಿನಲ್ಲಿ ವಿನೋಬನಗರದಲ್ಲಿ ಇನ್ನೊಂದು ತೆಗೆ ಎಂದೆ. ಕಾಗದದ ಮೇಲೆ ಅಂಕಿ ಬರೆದು ತೋರಿಸಿದೆ. ಅವನು ಜಾಗ ಅಳೆಯುವವನಂತೆ ಸುತ್ತ ನೋಡಿ ಕೇಳಿದ:

"ಇಷ್ಟೂ ಜನ ಬಂದ್ರೆ ಎಲ್ಲಿ ನಿಲ್ಲಿಸ್ಲಿ ಸಾರ್?"

ಬರಲ್ಲ ಎಂದೆ. ಅವನು ನನ್ನನ್ನು ಒಂದು ಗಳಿಗೆ ನೋಡಿದ, ಆಮೇಲೆ ನಕ್ಕ, ಆಮೇಲೆ ಒಪ್ಪಿದ. ನನ್ನ ಫೀಸಿನ ಮುಕ್ಕಾಲು ಪಾಲನ್ನು ಅವತ್ತೇ ಮುಂಗಡವಾಗಿ ತೆಗೆದುಕೊಂಡೆ.